ಜಾರುವುದು ಬೇರೆ, ಬಾಳುವುದು ಬೇರೆ

ಹೊಟೇಲಿನ ಅಡಿಗೆಮನೆಯಲ್ಲಿ ಬೆಳೆದವರಿಗೆ ಘರ್ಷಣೆಯ ಪಾಠವನ್ನು ಯಾರೂ ಪುಸ್ತಕದಿಂದ ಹೇಳಿಕೊಡಬೇಕಾಗಿಲ್ಲ. ಒಂದು ಮೂಲೆಯಲ್ಲಿ ಕಡೆಯುವ ಕಲ್ಲು, ಇನ್ನೊಂದು ಮೂಲೆಯಲ್ಲಿ ಕಾವಲಿ. ಕಲ್ಲು ಒರಟಾಗಿದ್ದರೆ ಮಾತ್ರ ಅಕ್ಕಿಯೂ ಉದ್ದೂ ನುಣ್ಣಗಾಗುವುವು. ಅದು ಸವೆದು ನುಣುಪಾಯಿತೆಂದರೆ ಕಲ್ಲು ಕುಟ್ಟುವವನನ್ನು ಕರೆಸಿ, ಉಳಿಯಿಂದ ಮತ್ತೆ ಒರಟು ಮಾಡಿಸಬೇಕು. ಕಾವಲಿಯ ಧರ್ಮ ಇದಕ್ಕೆ ತೀರ ವಿರುದ್ಧವಾದುದು. ಅದು ನುಣುಪಾದಷ್ಟೂ ದೋಸೆ ಹರಿಯದೆ ಏಳುವುದು. ಒಂದಕ್ಕೆ ಘರ್ಷಣೆಯೇ ಬಂಡವಾಳ, ಇನ್ನೊಂದಕ್ಕೆ ಘರ್ಷಣೆಯೇ ಶತ್ರು. ಆದರೆ ಎರಡಕ್ಕೂ ಸಮಾನವಾದ ಶತ್ರು ಒಂದಿದೆ. ಅದರ ಹೆಸರು ಸವೆತ.

ಎಸ್ಸೆಸ್ಸೆಲ್ಸಿಯಾಚೆಗೆ ಓದದ ನಾವು ಯಂತ್ರಶಾಸ್ತ್ರದ ಇಂತಹ ವಿಷಯವನ್ನು ಬರೆಯ ಹೊರಟುದು ಸಾಹಸವೆಂದು ಕೆಲವು ವಾಚಕರಿಗೆ ತೋರಬಹುದು. ಆದರೆ ಥಾಣೆಯ ವಾಗ್ಳೆ ಎಸ್ಟೇಟಿನಿಂದ ಡೊಂಬಿವಲಿಯ ಎಂ.ಐ.ಡಿ.ಸಿ.ಯವರೆಗೆ, ಕಲ್ಯಾಣದಿಂದ ತುರ್ಭೆ ಮಹಾಪೆಗಳವರೆಗೆ ಕಾರಖಾನೆ ಇರುವಲ್ಲೆಲ್ಲ ಅದರ ಬಾಗಿಲೆದುರು ನಮ್ಮವರದೊಂದು ಹೊಟೇಲು ಇದ್ದೇ ಇರುವುದನ್ನು ಎಲ್ಲರೂ ಬಲ್ಲರು. ಮಹಾರಾಷ್ಟ್ರ ಔದ್ಯೋಗಿಕ ಅಭಿವೃದ್ಧಿ ಮಂಡಲಿಯು 1962ರಲ್ಲಿ ಸ್ಥಾಪನೆಯಾಗಿ ವಾಗ್ಳೆ ಎಸ್ಟೇಟಿನಲ್ಲಿ ತನ್ನ ಮೊದಲ ವಸಾಹತನ್ನು ತೆರೆದಂದಿನಿಂದ ನಮ್ಮವರ ಚಹಾದ ಲೋಟಗಳೂ ಅಲ್ಲಿನ ಯಂತ್ರಗಳೂ ನೆರೆಹೊರೆಯವಾಗಿವೆ. ಅಪ್ಪ ಹೊಟೇಲಿನಲ್ಲಿ ದುಡಿದರೆ ಮಗ ಕಾರಖಾನೆಯಲ್ಲಿ ದುಡಿಯುವ ಮನೆಗಳು ನಮ್ಮಲ್ಲಿ ಅನೇಕ. ಆದುದರಿಂದ ಅಡಿಗೆಮನೆಯಿಂದ ಆರಂಭಿಸಿ ಕಾರಖಾನೆಯವರೆಗೆ ನಡೆದುಹೋಗುವ ಈ ಲೇಖನವನ್ನು ವಾಚಕರು ಸಹಾನುಭೂತಿಯಿಂದ ಓದುವರೆಂದು ನಂಬಿದ್ದೇವೆ.

ನಮಗೆ ತಟ್ಟಿದ ಪೆಟ್ಟು

ಪತ್ರಿಕೆಯ ಕೆಲಸಕ್ಕೆ ಬರುವ ಮೊದಲು ಡೊಂಬಿವಲಿಯಲ್ಲಿ ನಮ್ಮದೊಂದು ಸಣ್ಣ ಹೊಟೇಲಿದ್ದಿತು. ಅಲ್ಲಿನ ದಪ್ಪ ಕಬ್ಬಿಣದ ಕಾವಲಿಯನ್ನು ತೆಗೆಯಿಸಿ, ಒಬ್ಬ ವ್ಯಾಪಾರಿಯ ಮಾತಿಗೆ ಮರುಳಾಗಿ, ಅಂಟದ ಲೇಪವುಳ್ಳ ಅಲ್ಯೂಮಿನಿಯಮ್ ಕಾವಲಿಯೊಂದನ್ನು ಕೂರಿಸಿದೆವು. ಎಣ್ಣೆ ಅರ್ಧಕ್ಕರ್ಧ ಉಳಿಯುವುದೆಂದೂ ಕಾವಲಿ ಹತ್ತು ವರ್ಷ ಬಾಳುವುದೆಂದೂ ಆತ ಹೇಳಿದ್ದನು. ಮೊದಲ ವಾರ ದೋಸೆಗಳು ತಾವಾಗಿಯೇ ಜಾರಿ ತಟ್ಟೆಗೆ ಬಿದ್ದುದನ್ನು ಕಂಡು ನಮಗಾದ ಸಂತೋಷ ಅಷ್ಟಿಷ್ಟಲ್ಲ. ನಮ್ಮ ದೋಸೆ ಭಟ್ಟರು ಮಾತ್ರ ಏನೂ ಹೇಳದೆ ಹಳೆಯ ಕಾವಲಿಗೆ ಎಳ್ಳೆಣ್ಣೆ ಸವರಿ ಗೋಡೆಗೊರಗಿಸಿಟ್ಟರು.

ಎರಡನೆಯ ತಿಂಗಳು ಗೀರುಗಳು ಕಂಡುವು. ಮೂರನೆಯ ತಿಂಗಳು ನಡುಭಾಗದಲ್ಲಿ ಬಿಳಿಯ ಲೋಹ ಇಣುಕಿತು. ಒಂದು ಸಂಜೆ ಗಿರಾಕಿಯೊಬ್ಬರು ತಟ್ಟೆಯಿಂದ ಕರಿಯ ಚೂರೊಂದನ್ನು ಬೆರಳತುದಿಯಲ್ಲೆತ್ತಿ ತೋರಿಸಿ, ಒಂದಕ್ಷರವನ್ನೂ ಆಡದೆ ಎದ್ದುಹೋದರು. ಅವರು ಮತ್ತೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಹಣ ಹೋದುದಕ್ಕಿಂತ ಆ ಮೌನವೇ ನಮ್ಮನ್ನು ಹೆಚ್ಚು ನೋಯಿಸಿತು.

ಆ ದಿನಗಳಲ್ಲಿ ಕುಂದಾಪುರದ ಕಡೆಯ ತರುಣನೊಬ್ಬನು ಹತ್ತಿರದ ಕಾರಖಾನೆಯಲ್ಲಿ ಯಂತ್ರದ ಭಾಗಗಳಿಗೆ ಇಂತಹ ಲೇಪವನ್ನೇ ಹಾಕುವ ಕೆಲಸದಲ್ಲಿದ್ದು, ಪಾಳಿ ಮುಗಿದ ಮೇಲೆ ನಮ್ಮಲ್ಲಿಗೆ ಚಹಾಕ್ಕೆ ಬರುತ್ತಿದ್ದನು. ಹಾಳಾದ ಕಾವಲಿಯನ್ನು ತಿರುಗಿಸಿ ನೋಡಿ ಅವನೆಂದನು: “ಅಣ್ಣಾ, ನೀವು ಜಾರುವ ವಸ್ತುವನ್ನು ಕೊಂಡಿರಿ. ಬಾಳುವ ವಸ್ತುವನ್ನು ಕೊಳ್ಳಲಿಲ್ಲ. ಜಾರುವುದು ಬೇರೆ, ಬಾಳುವುದು ಬೇರೆ.” ಅವನ ಈ ಮಾತಿನ ಬೆನ್ನು ಹಿಡಿದು ನಾವು ಕೇಳಿ, ಓದಿ ತಿಳಿದುದೇ ಈ ಲೇಖನದ ಹುರುಳು.

ಸಿಲಿಂಡರಿನೊಳಗಿನ ಬಿಳಿಯ ಪುಡಿ

1938ನೆಯ ಇಸವಿ ಏಪ್ರಿಲ್ 6ರಂದು ಅಮೆರಿಕದ ಡ್ಯೂಪಾಂಟ್ ಕಂಪೆನಿಯ ರಾಯ್ ಪ್ಲಂಕೆಟ್ ಎಂಬ ತರುಣ ರಸಾಯನಶಾಸ್ತ್ರಜ್ಞರು ಶೀತಕಯಂತ್ರಗಳಿಗೆ ಬೇಕಾದ ಹೊಸ ಅನಿಲವನ್ನು ಹುಡುಕುತ್ತಿದ್ದರು. ಅನಿಲ ತುಂಬಿಸಿಟ್ಟಿದ್ದ ಸಿಲಿಂಡರಿನ ಬಾಯನ್ನು ತೆರೆದರೆ ಏನೂ ಹೊರಬರಲಿಲ್ಲ. ತೂಗಿದರೆ ಭಾರ ಮಾತ್ರ ಇದ್ದಂತೆಯೇ ಇದ್ದಿತು. ಅದನ್ನು ಕೊಯ್ಯಿಸಿ ನೋಡಿದಾಗ ಒಳಗೆ ಮೇಣದಂತಹ ಬಿಳಿಯ ಪುಡಿಯು ಸಿಕ್ಕಿತು. ಅನಿಲದ ಅಣುಗಳು ತಮ್ಮಷ್ಟಕ್ಕೆ ತಾವೇ ಸರಪಣಿಯಂತೆ ಕೂಡಿಕೊಂಡು ಪಾಲಿಮರ್ ಆಗಿದ್ದುವು. ಪಾಲಿಟೆಟ್ರಾಫ್ಲೂರೋಎಥಿಲೀನ್ ಎಂಬ ಉದ್ದನೆಯ ಹೆಸರಿನ ಈ ವಸ್ತುವೇ ಮುಂದೆ ಟೆಫ್ಲಾನ್ ಎಂಬ ವ್ಯಾಪಾರನಾಮದಿಂದ ಲೋಕಪ್ರಸಿದ್ಧವಾಯಿತು. ಯಾವ ಆಮ್ಲಕ್ಕೂ ಜಗ್ಗದ ಇದನ್ನು ಎರಡನೆಯ ಮಹಾಯುದ್ಧದಲ್ಲಿ ಅಣುಬಾಂಬಿನ ಸಿದ್ಧತೆಗೆ ಬೇಕಾದ ಯುರೇನಿಯಮ್ ಅನಿಲದ ಕೊಳವೆಗಳನ್ನು ಬಿಗಿಮಾಡಲು ಬಳಸಿದರು. 1954ರಲ್ಲಿ ಫ್ರಾನ್ಸಿನ ಇಂಜಿನಿಯರ್ ಮಾರ್ಕ್ ಗ್ರೆಗ್ವಾರ್ ಎಂಬವರು ಅದನ್ನು ಅಲ್ಯೂಮಿನಿಯಮ್ ಬಾಣಲೆಗೆ ಹಿಡಿಸುವ ಉಪಾಯವನ್ನು ಕಂಡುಕೊಂಡರು. ಬಾಂಬಿನ ಮನೆಯಿಂದ ಹೊರಟ ವಸ್ತುವು ಹೀಗೆ ಅಡಿಗೆಮನೆಯನ್ನು ಸೇರಿತು.

ಇದರ ಜಾರುಗುಣವು ಎಷ್ಟೆಂಬುದನ್ನು ಲೆಕ್ಕದಿಂದ ತಿಳಿಯಬಹುದು. ಹತ್ತು ಕಿಲೋ ತೂಕದ ಉಕ್ಕಿನ ತುಂಡನ್ನು ಎಣ್ಣೆಯಿಲ್ಲದ ಉಕ್ಕಿನ ಹಲಗೆಯ ಮೇಲೆ ಎಳೆಯಬೇಕಾದರೆ ಐದರಿಂದ ಎಂಟು ಕಿಲೋ ಭಾರವನ್ನೆತ್ತುವಷ್ಟು ಬಲ ಬೇಕು. ಅದೇ ತುಂಡನ್ನು ಟೆಫ್ಲಾನಿನ ಮೇಲೆ ಎಳೆಯಲು ಅರ್ಧದಿಂದ ಒಂದು ಕಿಲೋದಷ್ಟು ಬಲ ಸಾಕು. ಇದರ ಅಣುಗಳು ನಯವಾದ ಉದ್ದ ಕಡ್ಡಿಗಳಂತಿದ್ದು, ಅವುಗಳಿಗೆ ಪರಸ್ಪರ ಹಿಡಿತವು ಬಲು ಕಡಿಮೆ. ಮೇಲೊಂದು ವಸ್ತು ಉಜ್ಜಿದೊಡನೆ ಟೆಫ್ಲಾನಿನ ತೆಳುವಾದ ಪೊರೆಯೊಂದು ಕಳಚಿ ಆ ವಸ್ತುವಿಗೆ ಮೆತ್ತಿಕೊಳ್ಳುತ್ತದೆ. ಆಮೇಲೆ ಟೆಫ್ಲಾನಿನ ಮೇಲೆ ಟೆಫ್ಲಾನೇ ಜಾರುತ್ತಿರುತ್ತದೆ. ಇಸ್ಪೀಟಿನ ಕಟ್ಟನ್ನು ಅಂಗೈಯಿಂದ ತಳ್ಳಿದಾಗ ಎಲೆಯ ಮೇಲೆ ಎಲೆ ಸರಿಯುವುದನ್ನು ನೆನೆದುಕೊಂಡರೆ ಸಾಕು.

ಆದರೆ ತಳ್ಳುತ್ತಲೇ ಹೋದರೆ ಕಟ್ಟು ಉಳಿಯುವುದೆಂತು? ಯಾವ ಸಡಿಲತೆಯಿಂದ ಅದು ಜಾರುವುದೋ ಅದೇ ಸಡಿಲತೆಯಿಂದ ಅದು ಸವೆಯುವುದು. ಘರ್ಷಣೆ ಕಡಿಮೆಯಾದೊಡನೆ ಸವೆತವೂ ಕಡಿಮೆಯಾಗುವುದೆಂದು ನಾವು ತಿಳಿದಿದ್ದೆವು. ವ್ಯಾಪಾರಿಯೂ ಹಾಗೆಯೇ ನಂಬಿಸಿದ್ದನು. ಇವೆರಡನ್ನೂ ಬೇರೆ ಬೇರೆಯಾಗಿಯೇ ಅಳೆಯತಕ್ಕದ್ದು. ತಿರುಗುವ ಬಿಲ್ಲೆಯೊಂದರ ಮೇಲೆ ನಿರ್ದಿಷ್ಟ ಭಾರದಿಂದ ಕಡ್ಡಿಯೊಂದನ್ನು ಒತ್ತಿಹಿಡಿದು, ಎಷ್ಟು ಬಲ ಬೇಕಾಯಿತೆಂಬುದನ್ನೂ, ಇಷ್ಟು ಕಿಲೋಮೀಟರ್ ಉಜ್ಜಿದ ಮೇಲೆ ಎಷ್ಟು ವಸ್ತು ನಷ್ಟವಾಯಿತೆಂಬುದನ್ನೂ ಅಳೆಯುವ ಯಂತ್ರಗಳಿವೆ. ಇಂತಹ ಯಂತ್ರಗಳನ್ನು ನಮ್ಮ ಬೆಂಗಳೂರಿನಲ್ಲಿಯೇ ಡ್ಯೂಕಾಮ್ ಸಂಸ್ಥೆಯು ತಯಾರಿಸುತ್ತಿದೆ. ಟೆಫ್ಲಾನಿನ ಘರ್ಷಣೆ ಸವೆತಗಳ ಕುರಿತು ಅದುವರೆಗೆ ಜಗತ್ತಿನಲ್ಲಿ ನಡೆದ ಸಂಶೋಧನೆಗಳನ್ನೆಲ್ಲ ಸಮೀಕ್ಷಿಸಿ, ‘ವೇರ್’ ಎಂಬ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ 1992ರಲ್ಲಿ ಬರೆದವರು ಎಸ್. ಕೆ. ಬಿಸ್ವಾಸ್ ಮತ್ತು ಕಲ್ಯಾಣಿ ವಿಜಯನ್ ಎಂಬ ಬೆಂಗಳೂರಿನ ವಿಜ್ಞಾನಿಗಳೇ ಎಂಬುದು ಕನ್ನಡಿಗರು ಹೆಮ್ಮೆಪಡತಕ್ಕ ವಿಷಯ.

ಒಬ್ಬ ವೈದ್ಯರು ತೆತ್ತ ಬೆಲೆ

ನಾವು ಕಳೆದುಕೊಂಡುದು ಒಂದು ಕಾವಲಿಯನ್ನು, ಒಬ್ಬ ಗಿರಾಕಿಯನ್ನು. ಇದೇ ತಪ್ಪು ತಿಳಿವಳಿಕೆಗೆ ಇದಕ್ಕಿಂತ ಬಹು ದೊಡ್ಡ ಬೆಲೆಯನ್ನು ತೆತ್ತವರು ಇಂಗ್ಲೆಂಡಿನಲ್ಲಿದ್ದಾರೆ. ರೈಟಿಂಗ್ಟನ್ ಆಸ್ಪತ್ರೆಯ ಶಸ್ತ್ರವೈದ್ಯ ಜಾನ್ ಚಾರ್ನ್‌ಲೀಯವರು ಸೊಂಟದ ಕೀಲು ಕೆಟ್ಟು ನಡೆಯಲಾರದವರಿಗೆ ಕೃತಕ ಕೀಲನ್ನು ಜೋಡಿಸುವ ವಿದ್ಯೆಯ ಪಿತಾಮಹರು. ಕೀಲು ಸರಾಗವಾಗಿ ಜಾರಬೇಕೆಂಬ ಉದ್ದೇಶದಿಂದ 1950ರ ದಶಕದ ಕೊನೆಯಲ್ಲಿ ಅವರು ಟೆಫ್ಲಾನಿನ ಬಟ್ಟಲನ್ನೂ ಲೋಹದ ಗುಂಡನ್ನೂ ಬಳಸಿದರು. ಸುಮಾರು 300 ಮಂದಿ ರೋಗಿಗಳಿಗೆ ಈ ಕೀಲನ್ನು ಜೋಡಿಸಲಾಯಿತು. ನೋವಿನಿಂದ ನರಳುತ್ತಿದ್ದವರು ಎದ್ದು ನಡೆದರು. ಆದರೆ ಕೆಲವೇ ವರ್ಷಗಳಲ್ಲಿ ಗುಂಡು ಬಟ್ಟಲನ್ನು ಕೊರೆದು ಒಳಗಿಳಿಯಿತು. ಸವೆದ ಪುಡಿಯು ಸುತ್ತಲಿನ ಮಾಂಸವನ್ನು ಕೆರಳಿಸಿತು. ಕೀಲುಗಳನ್ನು ಮತ್ತೆ ತೆಗೆಯಬೇಕಾಗಿ ಬಂದಿತು. ಚಾರ್ನ್‌ಲೀಯವರು ಆ ಪುಡಿಯ ದೋಷವನ್ನು ಪರೀಕ್ಷಿಸಲು ಅದನ್ನು ತಮ್ಮ ತೊಡೆಯೊಳಗೇ ಸೇರಿಸಿಕೊಂಡು, ಫಲಿತಾಂಶವನ್ನು 1963ರಲ್ಲಿ ಪ್ರಕಟಿಸಿದರು. ತಮ್ಮ ತಪ್ಪನ್ನು ತಮ್ಮ ಮೈಯಲ್ಲಿಯೇ ಪರೀಕ್ಷಿಸಿಕೊಂಡ ಇಂತಹವರು ವಿರಳ.

ಪರಿಹಾರವೂ ವಿಚಿತ್ರವಾಗಿಯೇ ಬಂದಿತು. ಲ್ಯಾಂಕಶೈರಿನ ಬಟ್ಟೆಗಿರಣಿಗಳಿಗೆ ಪ್ಲಾಸ್ಟಿಕ್ಕಿನ ಹಲ್ಲುಗಾಲಿಗಳನ್ನು ಮಾರುತ್ತಿದ್ದವನೊಬ್ಬನು 1962ರಲ್ಲಿ ಬೇರೊಂದು ಪಾಲಿಮರಿನ ತುಂಡನ್ನು ಆಸ್ಪತ್ರೆಗೆ ತಂದುಕೊಟ್ಟನು. ಅದು ಅತಿ ಉದ್ದನೆಯ ಅಣುಗಳುಳ್ಳ ಪಾಲಿಥಿಲೀನ್. ಚಾರ್ನ್‌ಲೀಯವರು ಅದನ್ನು ಬೇಡವೆಂದು ತಳ್ಳಿದರೂ ಅವರ ಪ್ರಯೋಗಶಾಲೆಯ ಸಹಾಯಕ ಹ್ಯಾರಿ ಕ್ರೇವನ್ ಅದನ್ನು ಯಂತ್ರಕ್ಕೆ ಹಾಕಿ ಹಗಲಿರುಳು ಉಜ್ಜಿಸಿ ನೋಡಿದನು. ಟೆಫ್ಲಾನಿನಷ್ಟು ಅದು ಜಾರದು; ಆದರೆ ಅದರ ಸವೆತವು ಅತ್ಯಲ್ಪ. ಅದೇ ವರ್ಷ ನವೆಂಬರಿನಿಂದ ಆ ಪಾಲಿಮರಿನ ಬಟ್ಟಲುಗಳು ಬಳಕೆಗೆ ಬಂದುವು. ಅದೇ ಜಾತಿಯ ಪಾಲಿಮರನ್ನು ಸುಧಾರಿಸಿ ಇಂದಿಗೂ ಕೃತಕ ಕೀಲುಗಳಲ್ಲಿ ಬಳಸುತ್ತಿದ್ದಾರೆ. ನಮ್ಮ ಹಿರಿಯರ ಪೈಕಿ ಸೊಂಟದ ಕೀಲನ್ನು ಬದಲಿಸಿಕೊಂಡು ದೇವಸ್ಥಾನದ ಮೆಟ್ಟಿಲು ಹತ್ತುವವರು ಆ ಸಹಾಯಕನ ಹಟಕ್ಕೆ ಋಣಿಗಳು.

ಡೊಂಬಿವಲಿಯ ಪಾಲಿಮರ್ ಮತ್ತು ಹಿಟ್ಟಿನ ಹದ

ಹಾಗಾದರೆ ಟೆಫ್ಲಾನನ್ನು ಬಿಟ್ಟೇಬಿಡಬೇಕೆ? ಹಾಗಲ್ಲ. ಅದಕ್ಕೆ ಆಸರೆ ಬೇಕು. ಗಾಜಿನ ಎಳೆ, ಇಂಗಾಲ, ಕಂಚಿನ ಪುಡಿ ಮುಂತಾದುವನ್ನು ಬೆರೆಸಿದರೆ ಅದರ ಜಾರುಗುಣವು ಸ್ವಲ್ಪವೇ ಕುಗ್ಗಿ, ಸವೆತವು ನೂರರಲ್ಲೊಂದು ಪಾಲಿಗೆ, ಕೆಲವೊಮ್ಮೆ ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಗಟ್ಟಿಯಾದ ಕಣಗಳು ಭಾರವನ್ನು ಹೊರುತ್ತವೆ. ಮೆತ್ತಿಕೊಂಡ ಪೊರೆಯು ಬೇಗನೆ ಕಿತ್ತುಹೋಗದಂತೆ ತಡೆಯುತ್ತವೆ.

ಇನ್ನೊಂದು ಮಾರ್ಗವೆಂದರೆ ಗಟ್ಟಿಯಾದ ಪಾಲಿಮರಿಗೇ ಜಾರುವ ವಸ್ತುವನ್ನು ಬೆರೆಸುವುದು. ಇಂಗ್ಲೆಂಡಿನ ಐ.ಸಿ.ಐ. ಕಂಪೆನಿಯು 1978ರಲ್ಲಿ ಕಂಡುಹಿಡಿದ ಪೀಕ್ ಎಂಬುದು ಇಂತಹ ಪಾಲಿಮರ್. 343 ಡಿಗ್ರಿಯಲ್ಲಿ ಕರಗುವ ಇದು ಸುಮಾರು 250 ಡಿಗ್ರಿಯ ಶಾಖದಲ್ಲಿ ದೀರ್ಘಕಾಲ ದುಡಿಯಬಲ್ಲುದು. ಇದೇ ಕುಲಕ್ಕೆ ಸೇರಿದ ಪಾಲಿಮರುಗಳನ್ನು ಭಾರತದಲ್ಲಿ ಸ್ವಂತ ಸಂಶೋಧನೆಯಿಂದ ಸಿದ್ಧಪಡಿಸಿದ ಕೀರ್ತಿ ನಮ್ಮ ಡೊಂಬಿವಲಿಯಲ್ಲಿ ಕಾರಖಾನೆಯುಳ್ಳ ಘರ್ಡಾ ಕೆಮಿಕಲ್ಸ್ ಸಂಸ್ಥೆಗೆ ಸಲ್ಲುತ್ತದೆ. ಅದರ ಸಂಸ್ಥಾಪಕ ಡಾ. ಕೇಕಿ ಘರ್ಡಾ ಅವರು ಮುಂಬಯಿಯ ರಾಸಾಯನಿಕ ತಂತ್ರಜ್ಞಾನ ವಿಭಾಗದಲ್ಲಿ ಓದಿ, 2016ರಲ್ಲಿ ಪದ್ಮಶ್ರೀ ಪುರಸ್ಕೃತರಾಗಿ, 2024ರಲ್ಲಿ ನಿಧನರಾದರು. ಪೀಕ್ ತಯಾರಿಕೆಯ ಭಾಗವನ್ನು 2000ರ ದಶಕದ ಮಧ್ಯದಲ್ಲಿ ಬೆಲ್ಜಿಯಮಿನ ಸೋಲ್ವೇ ಕಂಪೆನಿಯು ಕೊಂಡುಕೊಂಡಿತು. ನಾವು ದಿನವೂ ಹಾದುಹೋಗುವ ಗೇಟಿನ ಹೆಸರು ಇಂತಹ ಕಥೆಯೊಂದನ್ನು ಹೊತ್ತಿದೆಯೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ತಿಳಿದಿದೆ?

ಪೀಕ್ ಒಂದನ್ನೇ ಬಳಸಿದರೆ ಅದು ಗಟ್ಟಿ, ಆದರೆ ಅಷ್ಟಾಗಿ ಜಾರದು. ಆದುದರಿಂದ ಬೇರಿಂಗುಗಳಿಗಾಗಿ ಅದಕ್ಕೆ ಟೆಫ್ಲಾನ್, ಗ್ರಾಫೈಟ್ ಮತ್ತು ಇಂಗಾಲದ ಎಳೆಗಳನ್ನು ನೂರಕ್ಕೆ ಹತ್ತರಂತೆ ಬೆರೆಸುವ ಪ್ರಸಿದ್ಧವಾದ ಹದವೊಂದಿದೆ. ನಮ್ಮ ಹೊಟೇಲಿನ ಬಾಂಧವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಕಿಯೊಂದೇ ಆದರೆ ದೋಸೆ ಮುರಿಯುವುದು, ಉದ್ದು ಹೆಚ್ಚಾದರೆ ಮೆತ್ತಗಾಗುವುದು. ಎರಡರ ಜತೆಗೆ ಚಿಟಿಕೆ ಮೆಂತೆ ಬಿದ್ದರೇ ಹದ. ಪಾಲಿಮರಿನವರೂ ಹಿಟ್ಟು ಕಲಸುವವರೇ.

ಯಾವುದಕ್ಕೂ ಅಂಟದ್ದು ಅಂಟುವುದೆಂತು?

ಈ ಪ್ರಶ್ನೆಯನ್ನು ನಾವು ಆ ತರುಣನಿಗೆ ಕೇಳಿದ್ದೆವು. ಅವನು ಹೇಳಿದ ಕ್ರಮವಿದು. ಮೊದಲು ಲೋಹದ ಮೇಲೆ ಗಟ್ಟಿಯಾದ ಹರಳಿನ ಪುಡಿಯನ್ನು ರಭಸದಿಂದ ಊದಿ, ಕಲ್ಲು ಕುಟ್ಟುವವನಂತೆಯೇ, ಅದನ್ನು ಒರಟು ಮಾಡಬೇಕು. ಆಮೇಲೆ ಲೋಹವನ್ನು ಬಿಗಿಯಾಗಿ ಹಿಡಿಯುವ ಬೇರೊಂದು ಪಾಲಿಮರನ್ನು ಬೆರೆಸಿದ ಮೊದಲ ಕೈ. ಅದರ ಮೇಲೆ ಜಾರುವ ಲೇಪ. ಕೊನೆಗೆ ಟೆಫ್ಲಾನ್ ಕರಗುವ 327 ಡಿಗ್ರಿಗಿಂತ ಹೆಚ್ಚಿನ ಶಾಖದ ಒಲೆಯಲ್ಲಿ ಬೇಯಿಸಿ, ಕಣಗಳು ಒಂದರೊಡನೊಂದು ಬೆಸೆದುಕೊಳ್ಳುವಂತೆ ಮಾಡುವುದು. ಪಾತ್ರೆಗಳ ಲೇಪವು ಸಾಮಾನ್ಯವಾಗಿ ತಲೆಗೂದಲಿಗಿಂತಲೂ ತೆಳುವಾಗಿರುತ್ತದೆ. ಇಷ್ಟು ತೆಳುವಾದ ಪದರದ ಮೇಲೆ ಉಕ್ಕಿನ ಸಟ್ಟುಗದಿಂದ ದಿನಕ್ಕೆ ನೂರಾರು ಸಲ ಕೆರೆದರೆ ಅದು ಉಳಿಯುವುದೆಂತು? ಭಾರ ಇಮ್ಮಡಿಸಿದರೆ ಸವೆತ ಇಮ್ಮಡಿ, ಉಜ್ಜಿದ ದೂರ ಇಮ್ಮಡಿಸಿದರೆ ಸವೆತ ಮತ್ತೆ ಇಮ್ಮಡಿ ಎಂಬ ಸ್ಥೂಲ ನಿಯಮವನ್ನು ಆರ್ಚರ್ಡ್ ಎಂಬ ವಿಜ್ಞಾನಿ 1953ರಲ್ಲಿಯೇ ಹೇಳಿದ್ದಾರೆ. ಮನೆಯಲ್ಲಿ ದಿನಕ್ಕೆ ಹತ್ತು ದೋಸೆ ಹೊಯ್ಯುವವರ ಕಾವಲಿಯನ್ನು ಹೊಟೇಲಿಗೆ ತಂದುದು ನಮ್ಮ ತಪ್ಪೂ ಆಗಿದ್ದಿತು.

ಸಣ್ಣ ಕಾರಖಾನೆಗಳನ್ನು ನಡೆಸುವ ನಮ್ಮ ಬಂಧುಗಳು ಲೇಪ ಹಾಕಿಸುವಾಗ ನಾಲ್ಕು ಮಾತುಗಳನ್ನು ಮರೆಯಬಾರದು. ಭಾಗದ ಮೇಲೆ ಬೀಳುವ ಭಾರ, ವೇಗ ಮತ್ತು ಶಾಖಗಳನ್ನು ಲೇಪದವರಿಗೆ ಮೊದಲೇ ತಿಳಿಸಬೇಕು. ಒರಟು ಮಾಡುವ ಕೆಲಸವನ್ನೂ ಮೊದಲ ಕೈಯನ್ನೂ ಅವಸರಕ್ಕಾಗಿ ಬಿಡಿಸಬಾರದು. ಲೇಪದ ದಪ್ಪವನ್ನು ಅಳೆಯಿಸಿ ತೆಗೆದುಕೊಳ್ಳಬೇಕು. ಲೇಪದ ಮೇಲೆ ಜಾರುವ ಎದುರಿನ ಲೋಹವನ್ನು ನುಣುಪು ಮಾಡಿಸಬೇಕು. ಅದು ಒರಟಾಗಿದ್ದರೆ ಅರವಾಗಿ ಲೇಪವನ್ನು ತಿಂದುಹಾಕುವುದು.

ಜಾಗವರಿತು ಬಳಸಿದರೆ ಇದೇ ವಸ್ತು ಎಂತಹ ಸೇವೆ ಮಾಡಬಲ್ಲುದೆಂಬುದಕ್ಕೆ ಸೇತುವೆಗಳು ನಿದರ್ಶನ. ಥಾಣೆ ಖಾಡಿಯನ್ನು ದಾಟಿ ವಾಶಿ, ಐರೋಳಿಗಳಿಗೆ ಹೋಗುವವರು, 2024ರ ಜನವರಿಯಲ್ಲಿ ತೆರೆದ ಅಟಲ್ ಸೇತುವಿನ ಮೇಲೆ ಸಾಗುವವರು ಸೇತುವೆಯು ಅಲುಗದ ಬಂಡೆಯೆಂದು ಭಾವಿಸುವುದು ಸಹಜ. ಆದರೆ ನೂರು ಮೀಟರ್ ಉದ್ದದ ಉಕ್ಕಿನ ತೊಲೆಯು ಶಾಖವು 30 ಡಿಗ್ರಿ ಏರಿದರೆ ಸುಮಾರು 36 ಮಿಲ್ಲಿಮೀಟರ್ ಹಿಗ್ಗುವುದು. ಅದಕ್ಕೆ ಎಡೆಕೊಡದಿದ್ದರೆ ಕಂಬಗಳೇ ಬಿರಿಯುವುವು. ಆದುದರಿಂದ ದೊಡ್ಡ ಸೇತುವೆಗಳಲ್ಲಿ ಬಳಸುವ ಒಂದು ಬಗೆಯ ಬೇರಿಂಗಿನಲ್ಲಿ ಟೆಫ್ಲಾನಿನ ಹಾಳೆಯನ್ನು ಉಕ್ಕಿನ ತಗ್ಗಿನಲ್ಲಿ ಕೂರಿಸಿ, ಅದರ ಮೇಲೆ ಕನ್ನಡಿಯಂತೆ ಹೊಳೆಯುವ ಸ್ಟೇನ್‌ಲೆಸ್ ಉಕ್ಕಿನ ತಗಡು ಜಾರುವಂತೆ ಮಾಡುತ್ತಾರೆ. ಚಲನೆ ಬಲು ನಿಧಾನ, ಹಾಳೆ ದಪ್ಪ, ಸುತ್ತಲೂ ಉಕ್ಕಿನ ಆಸರೆ. ಆದುದರಿಂದಲೇ ಮೆತ್ತನೆಯ ಟೆಫ್ಲಾನ್ ಇಲ್ಲಿ ಬಹುಕಾಲ ಬಾಳುತ್ತದೆ.

ಹೊಗೆಯ ವಿಚಾರ

ಇನ್ನು ಪ್ರಾಣಕ್ಕೆ ಸಂಬಂಧಿಸಿದ ಮಾತು. ಟೆಫ್ಲಾನ್ 260 ಡಿಗ್ರಿಯವರೆಗೆ ನಿರಂತರ ಬಳಕೆಗೆ ತಕ್ಕುದು. ಖಾಲಿ ಕಾವಲಿಯನ್ನು ದೊಡ್ಡ ಉರಿಯ ಮೇಲೆ ಮರೆತರೆ ಶಾಖವು ಆ ಮಿತಿಯನ್ನು ಬೇಗನೆ ದಾಟುವುದು. ಅತಿಯಾಗಿ ಕಾದಾಗ ಏಳುವ ಹೊಗೆಯಿಂದ ಪಂಜರದ ಗಿಳಿಗಳು ಸಾಯುತ್ತವೆ. ಮನುಷ್ಯರಿಗೆ ಕೆಲವು ಗಂಟೆಗಳ ತರುವಾಯ ಚಳಿ, ಜ್ವರ, ಎದೆ ಬಿಗಿತಗಳು ಬರುತ್ತವೆ. ಪಾಲಿಮರ್ ಹೊಗೆಜ್ವರವೆಂಬ ಈ ಬೇನೆಯನ್ನು ವೈದ್ಯರು 1951ರಲ್ಲಿಯೇ ದಾಖಲಿಸಿದ್ದಾರೆ. ಸಾಮಾನ್ಯವಾಗಿ ಇದು ಒಂದೆರಡು ದಿನಗಳಲ್ಲಿ ಇಳಿಯುವುದಾದರೂ ಅಲಕ್ಷ್ಯ ಮಾಡತಕ್ಕದ್ದಲ್ಲ. ಕೈಗೆ ಈ ಪುಡಿ ಮೆತ್ತಿಕೊಂಡಿರುವಾಗ ಬೀಡಿ ಸಿಗರೇಟು ಸೇದಿದವರಿಗೆ, ಉರಿಯುವ ತುದಿಯ ಶಾಖದಿಂದ ಪುಡಿಯೇ ಹೊಗೆಯಾಗಿ, ಈ ಜ್ವರವು ಬಂದಿದೆ. ಲೇಪದ ಕೆಲಸದಲ್ಲಿರುವ ನಮ್ಮ ತರುಣರು ಕೈ ತೊಳೆಯದೆ ಬೀಡಿ ಮುಟ್ಟಬಾರದು. ಒಲೆಯ ಹೊಗೆಯನ್ನು ಹೊರಸೆಳೆಯುವ ಪಂಕವು ಕೆಟ್ಟರೆ ಮಾಲಿಕರಿಗೆ ಹೇಳಲು ಅಳುಕಬಾರದು.

ನುಂಗಿದ ಚೂರಿನ ಬಗ್ಗೆ ಅನೇಕರು ಭಯಪಡುತ್ತಾರೆ. ಟೆಫ್ಲಾನಿನ ಚೂರು ಜೀರ್ಣವಾಗದೆ ಹಾಗೆಯೇ ಹೊರಹೋಗುವುದು. ನಿಜವಾದ ದೋಷವಿದ್ದುದು ಅದರ ತಯಾರಿಕೆಯಲ್ಲಿ ಬಳಸುತ್ತಿದ್ದ ಪಿ.ಎಫ್.ಓ.ಎ. ಎಂಬ ಸಹಾಯಕ ದ್ರವ್ಯದಲ್ಲಿ. ಅದು ನೀರಿನಲ್ಲಿಯೂ ರಕ್ತದಲ್ಲಿಯೂ ಬಹುಕಾಲ ನಿಲ್ಲುವಂಥದು. 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧ ಪಟ್ಟಿಗೆ ಅದನ್ನು ಸೇರಿಸಲಾಯಿತು. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಅದನ್ನು ಕ್ಯಾನ್ಸರ್‌ಕಾರಕವೆಂದು ಘೋಷಿಸಿತು. ಪಾತ್ರೆ ಕೊಳ್ಳುವಾಗ ಈ ದ್ರವ್ಯವಿಲ್ಲವೆಂಬ ಮುದ್ರೆಯನ್ನು ನೋಡಿ ಕೊಳ್ಳುವುದು ಲೇಸು.

ಹಳೆಯ ಕಾವಲಿಯ ಗುಟ್ಟು

1966ರಲ್ಲಿ ಇಂಗ್ಲೆಂಡಿನಲ್ಲಿ ಪೀಟರ್ ಜೋಸ್ಟ್ ಅವರ ಸಮಿತಿಯು ಘರ್ಷಣೆ, ಸವೆತ, ಎಣ್ಣೆ ಹಾಕುವಿಕೆಗಳ ವಿದ್ಯೆಗೆ ಟ್ರೈಬಾಲಜಿ ಎಂದು ಹೆಸರಿಟ್ಟು, ಈ ವಿದ್ಯೆಯನ್ನು ಸರಿಯಾಗಿ ಬಳಸಿದರೆ ಆ ದೇಶಕ್ಕೆ ವರ್ಷಕ್ಕೆ 515 ಮಿಲಿಯ ಪೌಂಡು ಉಳಿಯುವುದೆಂದು ಅಂದಾಜು ಮಾಡಿತು. ಹೆಸರು ಹೊಸತಾದರೂ ವಿದ್ಯೆ ಹಳೆಯದು. ನಮ್ಮ ಅಜ್ಜಿಯಂದಿರು ಕಬ್ಬಿಣದ ಕಾವಲಿಗೆ ಎಣ್ಣೆ ಸವರಿ, ಕಾಯಿಸಿ, ಈರುಳ್ಳಿಯಿಂದ ಉಜ್ಜಿ ಪಳಗಿಸುತ್ತಿದ್ದರಷ್ಟೆ. ಆ ಶಾಖದಲ್ಲಿ ಎಣ್ಣೆಯ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಕಬ್ಬಿಣವನ್ನು ಕಚ್ಚಿಹಿಡಿಯುವ ಕಪ್ಪು ಪದರವಾಗುತ್ತವೆ. ಅದೂ ಪಾಲಿಮರ್ ಲೇಪವೇ. ಎಳ್ಳೆಣ್ಣೆಯಿಂದ ಈ ಪದರ ಚೆನ್ನಾಗಿ ಕೂಡುವುದು, ತೆಂಗಿನೆಣ್ಣೆಯಿಂದ ಅಷ್ಟಾಗಿ ಕೂಡದು. ಟೆಫ್ಲಾನಿನಷ್ಟು ಅದು ಜಾರದು. ಆದರೆ ಸವೆದಷ್ಟೂ ಮರುದಿನದ ಎಣ್ಣೆಯಿಂದ ಮತ್ತೆ ಬೆಳೆಯುವುದು. ತನ್ನ ಸವೆತವನ್ನು ತಾನೇ ತುಂಬಿಕೊಳ್ಳುವ ಗುಣವು ಬೆಲೆಬಾಳುವ ಲೇಪಗಳಿಗೂ ಸುಲಭವಾಗಿ ಬಾರದು.

ಗಿರಾಕಿಯು ಎದ್ದುಹೋದ ರಾತ್ರಿ ನಾವು ದೋಸೆ ಭಟ್ಟರನ್ನು ಕರೆದು ಹಳೆಯ ಕಾವಲಿಯನ್ನೇ ಕೂರಿಸಲು ಹೇಳಿದೆವು. ಅದು ಗೋಡೆಗೊರಗಿ ಮೂರು ತಿಂಗಳಾಗಿದ್ದರೂ ತುಕ್ಕಿನ ಒಂದು ಕಲೆಯೂ ಅದರ ಮೇಲಿರಲಿಲ್ಲ. ಭಟ್ಟರು ವಾರಕ್ಕೊಮ್ಮೆ ಎಣ್ಣೆ ಸವರುತ್ತಲೇ ಇದ್ದರೆಂಬುದು ನಮಗೆ ಆಗ ತಿಳಿಯಿತು. ಲೇಪದ ಕಾವಲಿಯನ್ನು ಮನೆಗೆ ಒಯ್ದೆವು. ಅಲ್ಲಿ ಸಣ್ಣ ಉರಿಯ ಮೇಲೆ, ಮರದ ಸಟ್ಟುಗದಿಂದ ಅದು ಇನ್ನೂ ಒಂದು ವರ್ಷ ದುಡಿಯಿತು.